ಹಳೆ ಕಾರುಗಳ ಪ್ರದರ್ಶನ: ನಿಮ್ಮ ಕಾರಿಗೆ ಸರಿಯಾದ ವಿಭಾಗ ಯಾವುದು?

ಪ್ರದರ್ಶನದ ಅರ್ಜಿಯಲ್ಲಿ ಕಾರಿನ ಹೆಸರು, ಇಸವಿ, ಮಾಲೀಕರ ವಿಳಾಸವೆಲ್ಲ ತುಂಬಿದ ಮೇಲೆ ‘ವಿಭಾಗ’ ಎಂಬ ಒಂದು ಸಣ್ಣ ಚೌಕ ಸಿಗುತ್ತದೆ. ಹೆಚ್ಚಿನವರು ಅಲ್ಲಿ ಯೋಚಿಸದೆ ಗುರುತು ಹಾಕಿ ಮುಂದೆ ಹೋಗುತ್ತಾರೆ. ಎಷ್ಟೋ ಒಳ್ಳೆಯ ಕಾರುಗಳು ಸೋಲುವುದು ಆ ಚೌಕದಲ್ಲೇ. ಕಾರ್ಖಾನೆಯಲ್ಲಿ ಹೊಡೆದ ಬಣ್ಣವನ್ನು ಐವತ್ತು ವರ್ಷದಿಂದ ಉಳಿಸಿಕೊಂಡು ಬಂದ ಫಿಯೆಟ್ ಒಂದನ್ನು ರಿಸ್ಟೋರ್ ಆದ, ಅಂದರೆ ಬಿಚ್ಚಿ ಮತ್ತೆ ಹೊಸದರಂತೆ ಮಾಡಿದ, ಕಾರುಗಳ ಸಾಲಿನಲ್ಲಿ ನಿಲ್ಲಿಸಿದರೆ, ಪಕ್ಕದ ಹೊಸ ಪೇಂಟಿನ ಎದುರು ಅದು ಮಂಕಾಗಿ ಕಾಣುತ್ತದೆ. ಬಣ್ಣ ಮಾಸಿದ್ದಕ್ಕೆ ಒಂದಷ್ಟು, ಸೀಟಿನ ಹೊಲಿಗೆ ಬಿಚ್ಚಿದ್ದಕ್ಕೆ ಇನ್ನೊಂದಷ್ಟು ಅಂಕ ಹೋಗುತ್ತದೆ. ಅದೇ ಕಾರನ್ನು ಮೂಲಸ್ಥಿತಿಯ ವಿಭಾಗದಲ್ಲಿ ನಿಲ್ಲಿಸಿ ನೋಡಿ: ಆ ಮಾಸಿದ ಬಣ್ಣವೇ ಅದರ ಬಲ.

ವಿಭಾಗ ಎಂದರೆ ಕಾರಿನ ಅಂದಕ್ಕೆ ಕೊಡುವ ದರ್ಜೆಯಲ್ಲ. ಈ ಕಾರನ್ನು ಯಾವ ಕಾರುಗಳ ಜೊತೆ ಹೋಲಿಸಬೇಕು, ಯಾವ ಅಳತೆಗೋಲಿನಿಂದ ಅಳೆಯಬೇಕು ಎಂದು ಮೊದಲೇ ಮಾಡಿಕೊಳ್ಳುವ ಕರಾರು ಅದು. ಆದ್ದರಿಂದ ಮೊದಲು ವಿಭಾಗ ಆರಿಸಿ ಆಮೇಲೆ ಕಾರನ್ನು ಅದಕ್ಕೆ ಹೊಂದಿಸಲು ಹೊರಡಬೇಡಿ. ನಿಮ್ಮ ಕಾರು ಯಾವ ಇಸವಿಯದು, ನಿಜಕ್ಕೂ ಯಾವ ಮಾದರಿ, ಎಷ್ಟರಮಟ್ಟಿಗೆ ಹುಟ್ಟಿದ ಹಾಗೇ ಉಳಿದಿದೆ: ಈ ಮೂರನ್ನು ದಾಖಲೆ ಸಮೇತ ಗೊತ್ತುಮಾಡಿಕೊಂಡರೆ ವಿಭಾಗ ತಾನಾಗಿ ತಿಳಿಯುತ್ತದೆ.

ಇಸವಿ: ಆರ್.ಸಿ.ಯೊಂದನ್ನೇ ನಂಬಬೇಡಿ

ಆರ್.ಸಿ.ಯಲ್ಲಿ ಎದ್ದು ಕಾಣುವುದು ನೋಂದಣಿಯ ತಾರೀಖು. ಪ್ರದರ್ಶನದವರು ಕೇಳುವುದು ಕಾರು ತಯಾರಾದ ವರ್ಷ. ಎರಡರ ನಡುವೆ ಹಲವು ವರ್ಷಗಳ ಅಂತರ ಇರಬಹುದು. ಎರಡನೇ ಮಹಾಯುದ್ಧದ ಜೀಪುಗಳು ಮಿಲಿಟರಿ ಡಿಸ್ಪೋಸಲ್‌ನಲ್ಲಿ ಹರಾಜಾಗಿ, ಖಾಸಗಿಯವರ ಕೈಗೆ ಬಂದ ಮೇಲಷ್ಟೇ ನಂಬರ್ ಪಡೆದವು. ಬೇರೆ ರಾಜ್ಯದಿಂದ ಬಂದ ಕಾರಿಗೆ ಇಲ್ಲಿ ಹೊಸ ನಂಬರ್ ಬಿದ್ದಿರುತ್ತದೆ. ಕರ್ನಾಟಕದಲ್ಲಿ ‘ಕೆಎ’ ಸರಣಿ ಶುರುವಾದದ್ದು 1989ರಲ್ಲಿ; ಅದಕ್ಕೆ ಮುಂಚೆ ‘ಎಂವೈ’, ‘ಎಂಇ’, ‘ಸಿಎ’ ಎಂದು ಶುರುವಾಗುವ ನಂಬರುಗಳಿದ್ದವು. 1958ರದು ಎನ್ನುವ ಕಾರಿಗೆ ಕೆಎ ನಂಬರ್ ಇದ್ದರೆ, ನಡುವೆ ಎಲ್ಲೋ ಮರುನೋಂದಣಿ ಆಗಿದೆ ಎಂದೇ ಅರ್ಥ. ಹಾಗಿದ್ದಾಗ ಹಳೆಯ ಆರ್.ಸಿ. ಪುಸ್ತಕ, ಹಳೆ ತೆರಿಗೆ ಕಾರ್ಡು, ಮೊದಲ ಮಾಲೀಕರ ಖರೀದಿ ಬಿಲ್ಲು ಇವುಗಳಲ್ಲಿ ಯಾವುದಾದರೂ ಸಿಗುತ್ತದೆಯೇ ಎಂದು ಹುಡುಕಿ.

ಗಟ್ಟಿ ಸಾಕ್ಷಿ ಚಾಸಿ (ಕಾರಿನ ಅಡಿಚೌಕಟ್ಟು) ನಂಬರಿನದು. ಆಸ್ಟಿನ್, ಮಾರಿಸ್, ಎಂಜಿ ಮುಂತಾದ ಬ್ರಿಟಿಷ್ ಕಾರುಗಳಿಗೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಹಳೆ ಕಾರ್ಖಾನೆ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ತಯಾರಾದ ದಿನ, ಮೂಲ ಬಣ್ಣ, ಎಂಜಿನ್ ನಂಬರ್, ಯಾವ ದೇಶಕ್ಕೆ ಕಳಿಸಿದ್ದು ಎಂಬ ವಿವರಗಳು ಅದರಲ್ಲಿ ಸಿಗುತ್ತವೆ. ಫೋಕ್ಸ್‌ವ್ಯಾಗನ್ ಬೀಟಲ್‌ಗೆ ವೋಲ್ಫ್ಸ್‌ಬುರ್ಗ್‌ನ ವಸ್ತುಸಂಗ್ರಹಾಲಯದಿಂದ ಇಂಥದ್ದೇ ಜನ್ಮಪತ್ರ ತರಿಸಬಹುದು. ಅದರ ಚಾಸಿ ನಂಬರ್ ಹಿಂದಿನ ಸೀಟಿನ ಅಡಿಯಲ್ಲಿ, ನಡುವಿನ ಉಬ್ಬಿನ ಮೇಲೆ ಅಚ್ಚೊತ್ತಿರುತ್ತದೆ. ಈ ಕಾಗದಗಳು ಕೈಸೇರಲು ಸಮಯ ಹಿಡಿಯುತ್ತದೆ, ಆದ್ದರಿಂದ ಪ್ರದರ್ಶನಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಿ.

ದಾಖಲೆ ಸಿಗದ ಕಡೆ ಲೋಹವೇ ಮಾತಾಡುತ್ತದೆ. ಷೆವರ್ಲೆ ಎಂಜಿನ್ ಬ್ಲಾಕಿನ ಮೇಲೆ ಎರಕದ ತಾರೀಖು ಉಬ್ಬಿಕೊಂಡಿರುತ್ತದೆ: ತಿಂಗಳಿಗೆ ಎ ಇಂದ ಎಲ್ ವರೆಗೆ ಒಂದಕ್ಷರ, ಆಮೇಲೆ ದಿನ, ಆಮೇಲೆ ಇಸವಿಯ ಕೊನೆಯ ಅಂಕೆ. ‘ಸಿ 12 7’ ಎಂದಿದ್ದರೆ ಮಾರ್ಚ್ 12, ಏಳರಲ್ಲಿ ಮುಗಿಯುವ ವರ್ಷ. ಎರಕದ ತಾರೀಖು ಕಾರು ತಯಾರಾದ ದಿನಕ್ಕಿಂತ ಮುಂಚಿನದಾಗಿರಲೇಬೇಕು. ನಂತರದ್ದಾಗಿದ್ದರೆ ಎಂಜಿನ್ ಬದಲಾಗಿದೆ, ಅದರಲ್ಲಿ ಅನುಮಾನವಿಲ್ಲ. ಗಾಜಿನ ಮೂಲೆಯ ಮುದ್ರೆ, ಡೈನಮೋ ಮತ್ತು ಡಿಸ್ಟ್ರಿಬ್ಯೂಟರ್ ಮೇಲಿನ ತಾರೀಖುಗಳನ್ನೂ ಹೀಗೇ ಓದಿ.

‘ವಿಂಟೇಜ್’ ಎಂಬ ಪದದ ಗೊಂದಲ

ಒಂದೇ ಪದಕ್ಕೆ ಕಾನೂನಿನಲ್ಲಿ ಒಂದು ಅರ್ಥ, ಪ್ರದರ್ಶನದಲ್ಲಿ ಇನ್ನೊಂದು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ನಲ್ಲಿ ಹೆಚ್ಚಿನ ಮಾರ್ಪಾಡು ಆಗದ, ವಾಣಿಜ್ಯ ಬಳಕೆಯಲ್ಲಿಲ್ಲದ ವಾಹನ ವಿಂಟೇಜ್. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ; ಹೊಸ ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂಥ ಕಾರಣಕ್ಕಷ್ಟೇ ರಸ್ತೆಗೆ ಇಳಿಸಬಹುದು.

ಆದರೆ ಪ್ರದರ್ಶನದ ನಿಯಮ ಪುಸ್ತಕ ಈ 50 ವರ್ಷವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 1974ರ ಪ್ರೀಮಿಯರ್ ಪದ್ಮಿನಿ ಸರ್ಕಾರದ ಕಣ್ಣಿಗೆ ವಿಂಟೇಜ್ ಆಗಬಹುದು, ಪ್ರದರ್ಶನದ ಮೈದಾನದಲ್ಲಿ ಅಲ್ಲ. ಬ್ರಿಟಿಷ್ ಪದ್ಧತಿಯಲ್ಲಿ ವಿಂಟೇಜ್ ಎಂದರೆ 1919ರಿಂದ 1930ರ ಕೊನೆಯವರೆಗೆ ತಯಾರಾದ ಕಾರು. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಕೂಡ ಇದೇ ಗೆರೆ ಎಳೆಯುತ್ತದೆ: 1904ರ ಕೊನೆಯವರೆಗಿನವು ಒಂದು ಗುಂಪು, 1905ರಿಂದ 1918 ಮತ್ತೊಂದು, 1919ರಿಂದ 1930 ವಿಂಟೇಜ್, 1931ರಿಂದ 1945 ವಿಂಟೇಜ್ ನಂತರದ್ದು, 1946ರಿಂದ 1960 ಯುದ್ಧೋತ್ತರ, 1961ರಿಂದ 1970 ಇನ್ನೊಂದು, ಅಲ್ಲಿಂದ ಮುಂದಿನವು ಬೇರೆ. ಫಿವಾ ಒಂದು ವಾಹನವನ್ನು ಐತಿಹಾಸಿಕ ಎಂದು ಒಪ್ಪಲು ಕನಿಷ್ಠ 30 ವರ್ಷ ಆಗಿರಬೇಕು, ಅದು ದಿನನಿತ್ಯದ ಓಡಾಟದ ವಾಹನವೂ ಆಗಿರಬಾರದು. ಆ ಲೆಕ್ಕದಲ್ಲಿ 1983ರ ಕೊನೆಗೆ ಬಂದ ಮೊದಲ ಮಾದರಿಯ ಮಾರುತಿ 800 ಕೂಡ ಈಗ ಒಳಗೆ ಬರುತ್ತದೆ. ಅಮೆರಿಕದ ಆ್ಯಂಟಿಕ್ ಆಟೊಮೊಬೈಲ್ ಕ್ಲಬ್ 25 ವರ್ಷಕ್ಕೇ ಬಾಗಿಲು ತೆರೆಯುತ್ತದೆ. ಅಮೆರಿಕದ್ದೇ ಆದ ಕ್ಲಾಸಿಕ್ ಕಾರ್ ಕ್ಲಬ್ಬಿನವರು ‘ಫುಲ್ ಕ್ಲಾಸಿಕ್’ ಎನ್ನುವುದು 1915ರಿಂದ 1948ರ ನಡುವಿನ ಆಯ್ದ ಉತ್ತಮ ಕಾರುಗಳನ್ನು ಮಾತ್ರ.

ನಮ್ಮ ದೇಶದ ಪ್ರದರ್ಶನಗಳಲ್ಲಿ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಆಯಾ ಸಂಘಟಕರಿಗೆ ಬಿಟ್ಟದ್ದು. ಕೆಲವರು ಯುದ್ಧಪೂರ್ವ, ಯುದ್ಧೋತ್ತರ ಎಂದು ಎರಡೇ ಮಾಡುತ್ತಾರೆ. ಕೆಲವರು ಅಮೆರಿಕನ್, ಯುರೋಪಿಯನ್, ಭಾರತೀಯ ಎಂದು ಮತ್ತೆ ಸೀಳುತ್ತಾರೆ. ಗೆರೆಯ ಅಂಚಿನಲ್ಲಿರುವ ಕಾರುಗಳ ವಿಷಯದಲ್ಲಿ ಜಾಗ್ರತೆ ಬೇಕು. ಫೋರ್ಡ್ ಮಾಡೆಲ್ ಎ 1927ರ ಕೊನೆಯಿಂದ 1932ರ ಶುರುವಿನವರೆಗೆ ಬಂತು. 1930ರ ಡಿಸೆಂಬರಿನ ಕಾರು ವಿಂಟೇಜ್, ಮರುತಿಂಗಳ ಕಾರು ಅಲ್ಲ. ನೋಡಲು ಎರಡೂ ಒಂದೇ. ಹಾಗೆಯೇ 1946ರಿಂದ 48ರವರೆಗಿನ ಅಮೆರಿಕನ್ ಕಾರುಗಳು ಬಹುಪಾಲು 1942ರ ವಿನ್ಯಾಸವನ್ನೇ ಸ್ವಲ್ಪ ತಿದ್ದಿ ಹೊರತಂದವು. ನೋಟದಲ್ಲಿ ಯುದ್ಧಪೂರ್ವ, ಇಸವಿಯಲ್ಲಿ ಯುದ್ಧೋತ್ತರ. 1947ರ ಷೆವರ್ಲೆಯನ್ನು ಯುದ್ಧಪೂರ್ವ ವಿಭಾಗಕ್ಕೆ ಹಾಕಿದರೆ ದಾಖಲೆ ಪರಿಶೀಲನೆಯಲ್ಲೇ ಹೊರಗೆ ಬೀಳುತ್ತದೆ.

ಕಾರು ನಿಜಕ್ಕೂ ಏನು?

ಹೆಸರಿನ ವಿಷಯದಲ್ಲಿ ನಮ್ಮಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಜೀಪುಗಳಲ್ಲಿ. ಆಲಿವ್ ಹಸಿರು ಬಳಿದು ಬಿಳಿ ನಕ್ಷತ್ರ ಬರೆಸಿದ ಮಾತ್ರಕ್ಕೆ ಅದು ಯುದ್ಧಕಾಲದ ವಿಲ್ಲಿಸ್ ಎಂಬಿ ಆಗುವುದಿಲ್ಲ. ಯುದ್ಧಕಾಲದ ಎಂಬಿ ಹಾಗೂ ಫೋರ್ಡ್ ಜಿಪಿಡಬ್ಲ್ಯೂಗಳ ಅಚ್ಚೊತ್ತಿದ ಗ್ರಿಲ್‌ನಲ್ಲಿ ಒಂಬತ್ತು ಸೀಳು. ನಂತರದ ನಾಗರಿಕ ಜೀಪುಗಳಲ್ಲಿ ಏಳು. ಎಂಬಿಗೆ ಹಿಂದೆ ತೆರೆಯುವ ಬಾಗಿಲಿಲ್ಲ, ಹಿಂಬದಿಯ ತಗಡು ಗಟ್ಟಿಯಾಗಿ ಕೂತಿರುತ್ತದೆ. ಚಾಸಿಯ ಮುಂದಿನ ಅಡ್ಡಪಟ್ಟಿ ಎಂಬಿಯಲ್ಲಿ ದುಂಡು ಕೊಳವೆ, ಜಿಪಿಡಬ್ಲ್ಯೂನಲ್ಲಿ ಬೋರಲು ಹಾಕಿದ ತೊಟ್ಟಿಯ ಆಕಾರ. ಫೋರ್ಡ್ ತನ್ನ ಬೋಲ್ಟು, ಬಿಡಿಭಾಗಗಳ ಮೇಲೆ ‘ಎಫ್’ ಅಕ್ಷರ ಒತ್ತಿದೆ. ಬಾನೆಟ್ ಎತ್ತರಕ್ಕೆ ಉಬ್ಬಿದ್ದರೆ ಅದು ಸಿಜೆ-3ಬಿ, ಮಹೀಂದ್ರಾದವರು ಇಲ್ಲಿ ದಶಕಗಳ ಕಾಲ ತಯಾರಿಸಿದ ಮಾದರಿ. ಒಳ್ಳೆಯ ಸಿಜೆ-3ಬಿ ಕೂಡ ಗೌರವಕ್ಕೆ ಯೋಗ್ಯವಾದ ವಾಹನವೇ. ಅದನ್ನು ಅದರ ಹೆಸರಿನಲ್ಲೇ ಯುದ್ಧೋತ್ತರ ಅಥವಾ ಭಾರತದಲ್ಲಿ ತಯಾರಾದ ವಾಹನಗಳ ವಿಭಾಗಕ್ಕೆ ಹಾಕಿ. ಮಿಲಿಟರಿ ವಿಭಾಗದಲ್ಲಿ ನಿಲ್ಲಿಸಿದರೆ ಜೀಪು ಬಲ್ಲ ತೀರ್ಪುಗಾರರು ಗ್ರಿಲ್ ಎಣಿಸಿಯೇ ಮುಗಿಸುತ್ತಾರೆ.

ಇನ್ನೊಂದು ತಪ್ಪು ಟಾಪು ಕತ್ತರಿಸಿದ ಕಾರುಗಳದ್ದು. ಮದುವೆ ಮೆರವಣಿಗೆಗೆಂದೋ ಅಂದಕ್ಕೆಂದೋ ಮುಚ್ಚಿದ ಸೆಡಾನ್‌ಗಳ ಮೇಲ್ಛಾವಣಿ ಕೊಯ್ದು ತೆರೆದ ಕಾರು ಮಾಡಿಸಿದ್ದು ನಮ್ಮ ದೇಶದಲ್ಲಿ ಬೇಕಾದಷ್ಟಿದೆ. ಕಾರ್ಖಾನೆಯಿಂದಲೇ ತೆರೆದ ಕಾರಾಗಿ ಬಂದದ್ದಕ್ಕೆ ಛಾವಣಿಯ ಬಲವನ್ನು ತುಂಬಿಕೊಡಲು ಬಾಗಿಲ ಕೆಳಗಿನ ಹೊಸ್ತಿಲು ದಪ್ಪಗಿರುತ್ತದೆ, ಅಡಿಯಲ್ಲಿ ಹೆಚ್ಚುವರಿ ಅಡ್ಡಪಟ್ಟಿಗಳಿರುತ್ತವೆ, ಮುಂದಿನ ಗಾಜಿನ ಚೌಕಟ್ಟು ಬೇರೆಯೇ ಇರುತ್ತದೆ. ಕತ್ತರಿಸಿದ ಕಾರಿನಲ್ಲಿ ಬಾಗಿಲ ಹಿಂದಿನ ಕಂಬದ ಬುಡದಲ್ಲಿ ಬೆಸುಗೆಯ ಗುರುತು ಸಿಗುತ್ತದೆ. ಬಾಗಿಲು ಮುಚ್ಚುವಾಗ ಸಂದಿ ಮೇಲೆ ಕಿರಿದು ಕೆಳಗೆ ಅಗಲ ಆಗಿರುತ್ತದೆ, ಏಕೆಂದರೆ ಛಾವಣಿಯಿಲ್ಲದೆ ಬಾಡಿ ನಡುವಿನಲ್ಲಿ ಬಾಗುತ್ತದೆ. ಇಂಥ ಕಾರು ತೆರೆದ ಕಾರುಗಳ ವಿಭಾಗಕ್ಕೆ ಸಲ್ಲುವುದಿಲ್ಲ. ಮಾರ್ಪಡಿಸಿದ ವಾಹನಗಳ ವಿಭಾಗ ಇದ್ದರೆ ಅಲ್ಲಿ, ಇಲ್ಲದಿದ್ದರೆ ಸ್ಪರ್ಧೆಯಿಲ್ಲದ ಪ್ರದರ್ಶನಕ್ಕೆ ಮಾತ್ರ. ಜೀಪಿನದೋ ಅಂಬಾಸಡರಿನದೋ ಚಾಸಿಯ ಮೇಲೆ ತಗಡಿನಲ್ಲಿ ಕಟ್ಟಿದ ‘1930ರ’ ಕಾರುಗಳಿಗೂ ಇದೇ ಮಾತು: ಅವು ರೆಪ್ಲಿಕಾ, ಅಂದರೆ ನಕಲು. ಇಸವಿಯ ವಿಭಾಗ ಅವಕ್ಕಿಲ್ಲ.

ಆದರೆ ಇದನ್ನು ಆ ಕಾಲದ ಕೋಚ್‌ಬಿಲ್ಡರ್ ಕೆಲಸದ ಜೊತೆ ಬೆರೆಸಬೇಡಿ. ಯುದ್ಧಪೂರ್ವದಲ್ಲಿ ರೋಲ್ಸ್-ರಾಯ್ಸ್‌ನಂಥ ಕಂಪನಿಗಳು ಚಾಸಿಯನ್ನಷ್ಟೇ ಮಾರುತ್ತಿದ್ದವು, ಬಾಡಿ ಕಟ್ಟುತ್ತಿದ್ದವರು ಬೇರೆ. 1930ರ ದಶಕದಲ್ಲೇ ಇಲ್ಲಿ ಕಟ್ಟಿದ ಬಾಡಿ ಕಾರಿನ ಚರಿತ್ರೆಯ ಭಾಗ. ಅದಕ್ಕೆ ಆ ಕಾಲದ ಫೋಟೊ ಅಥವಾ ಬಾಗಿಲ ಹೊಸ್ತಿಲಿನ ಮೇಲೆ ಕೋಚ್‌ಬಿಲ್ಡರ್ ಫಲಕ ಇದ್ದರೆ ಕೋಚ್‌ಬಿಲ್ಟ್ ವಿಭಾಗವೇ ಅದರ ಜಾಗ.

ಭಾರತೀಯ ಕಾರುಗಳಲ್ಲಿ ಮಾದರಿಯ ಕಲಬೆರಕೆ ಸಾಮಾನ್ಯ. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಹುಟ್ಟಿದ ಅಂಬಾಸಡರ್ 2014ರವರೆಗೂ ಬಂದದ್ದರಿಂದ, ಹಳೆಯದಕ್ಕೆ ಹೊಸದರ ಭಾಗ ಹಾಕುವುದು ಸುಲಭವಾಯಿತು. ಮಾರ್ಕ್ 2ರ ಗ್ರಿಲ್ ಸಣ್ಣ ಚೌಕಗಳ ಜಾಲರಿ, ಮಾರ್ಕ್ 3ರದು ಅಡ್ಡ ಪಟ್ಟಿಗಳು. ಮಾರ್ಕ್ 2 ಎಂದು ಅರ್ಜಿ ಹಾಕಿ ಅಡ್ಡಪಟ್ಟಿಯ ಗ್ರಿಲ್ ಹೊತ್ತು ಬಂದರೆ ಅಂಕ ಹೋದ ಹಾಗೇ. ಫಿಯೆಟ್ 1100 ಡಿಲೈಟ್, ಪ್ರೀಮಿಯರ್ ಪ್ರೆಸಿಡೆಂಟ್, ಪದ್ಮಿನಿ ಕೂಡ ಒಂದೇ ಮೂಲದ ಬಾಡಿ ಹೊತ್ತವು. ಲಾಂಛನ ಒಂದರದು, ಡ್ಯಾಶ್‌ಬೋರ್ಡ್ ಇನ್ನೊಂದರದು ಆಗಿರುವುದುಂಟು. ದ್ವಿಚಕ್ರ ವಿಭಾಗಕ್ಕೆ ಜಾವಾ ತರುವವರು ಅದು ಜೆಕೊಸ್ಲೊವಾಕಿಯಾದಿಂದ ಬಂದದ್ದೋ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದೋ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ಆಮದಿನದೂ ಇಲ್ಲಿನದೂ ಬೇರೆ ಬೇರೆ ವಿಭಾಗಕ್ಕೆ ಹೋಗಬಹುದು.

ಎಷ್ಟು ಮೂಲ ಉಳಿದಿದೆ: ಅರ್ಧ ದಿನದ ತಪಾಸಣೆ

ವಿಭಾಗ ನಿಜವಾಗಿ ನಿರ್ಧಾರವಾಗುವುದು ಇಲ್ಲಿ. ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಟಾರ್ಚು, ಉದ್ದ ಹಿಡಿಯ ಸಣ್ಣ ಕನ್ನಡಿ, ತೆಳು ಬಟ್ಟೆ ಸುತ್ತಿದ ಅಯಸ್ಕಾಂತ, ಸಿಕ್ಕರೆ ಪೇಂಟಿನ ದಪ್ಪ ಅಳೆಯುವ ಮೀಟರ್, ಒಂದು ನೋಟ್‌ಬುಕ್ ಹಿಡಿದು ಕಾರಿನ ನಾಲ್ಕು ಭಾಗಗಳನ್ನು ಬೇರೆ ಬೇರೆಯಾಗಿ ನೋಡಿ: ಹೊರಗಿನ ಬಣ್ಣ, ಒಳಾಂಗಣ, ಎಂಜಿನ್ ಕೋಣೆ, ಅಡಿಭಾಗ.

ಬಣ್ಣಕ್ಕೆ ಕಾರಿನ ಹೊರಮೈ ಸಾಕ್ಷಿಯಲ್ಲ. ಡಿಕ್ಕಿಯ ಚಾಪೆ ಎತ್ತಿ, ಗ್ಲವ್‌ಬಾಕ್ಸ್ ಒಳಗೆ, ಬಾಗಿಲ ಒಳಪಟ್ಟಿಯ ಹಿಂದೆ, ಸ್ಟೆಪ್ನಿ ಕೂರುವ ಗುಂಡಿಯಲ್ಲಿ ನೋಡಿ. ಅಲ್ಲಿ ಬೇರೆ ಬಣ್ಣ ಸಿಕ್ಕರೆ ಕಾರಿಗೆ ಬಣ್ಣ ಬದಲಾಗಿದೆ. ಒಂದೇ ಬಣ್ಣ ಇದ್ದರೂ ರಬ್ಬರ್ ಬೀಡಿಂಗ್ ಅಂಚಿನಲ್ಲಿ ಪೇಂಟಿನ ಗೆರೆ ಹತ್ತಿದ್ದರೆ ಮೇಲೆ ಇನ್ನೊಂದು ಸಲ ಹೊಡೆದಿದ್ದಾರೆ. ಮೀಟರಿನಲ್ಲಿ ಸುಮಾರು 80ರಿಂದ 150 ಮೈಕ್ರಾನ್ ಬಂದರೆ ಕಾರ್ಖಾನೆಯ ಪದರ ಇರುವ ಸಂಭವ ಹೆಚ್ಚು. 200 ದಾಟಿದರೆ ಮರುಬಣ್ಣದ ಅನುಮಾನ. 500ಕ್ಕೂ ಮೇಲೆ ಹೋದರೆ ಅಡಿಯಲ್ಲಿ ಪುಟ್ಟಿ ಇದೆ. ಅಯಸ್ಕಾಂತ ಒಂದು ಕಡೆ ಹಿಡಿದು ಇನ್ನೊಂದು ಕಡೆ ಜಾರಿದರೂ ಅದೇ ಅರ್ಥ. ಮಡ್‌ಗಾರ್ಡಿನ ಕೆಳ ಅಂಚು, ಬಾಗಿಲ ಬುಡ, ಹೆಡ್‌ಲೈಟ್ ಸುತ್ತ ಈ ಮೂರು ಕಡೆ ಟಿಂಕರಿಂಗ್ ಆಗಿರುವುದು ಹೆಚ್ಚು, ಏಕೆಂದರೆ ನೀರು ನಿಂತು ತುಕ್ಕು ಹಿಡಿಯುವುದು ಅಲ್ಲೇ.

ಒಳಗೆ ಸೀಟಿನ ರೆಕ್ಸಿನ್ ಮೂಲದ್ದೇ, ಹೊಲಿಗೆಯ ಪಟ್ಟಿಗಳ ಅಗಲ ಅಂದಿನ ಬ್ರೋಷರಿನಲ್ಲಿದ್ದಂತೆಯೇ ಇದೆಯೇ, ಛಾವಣಿಯ ಒಳಬಟ್ಟೆ ಬದಲಾಗಿದೆಯೇ ನೋಡಿ. ಸ್ಟೀರಿಂಗ್ ಪಕ್ಕದ ಗೇರ್ ಕಡ್ಡಿಯನ್ನು ತೆಗೆದು ನೆಲದ ಗೇರ್ ಹಾಕಿಸಿದ್ದರೆ ಬರೆದುಕೊಳ್ಳಿ. ಎಂಜಿನ್ ಕೋಣೆಯಲ್ಲಿ ಎಂಜಿನ್ ನಂಬರು ಆರ್.ಸಿ.ಗೆ ತಾಳೆಯಾಗುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಪೆಟ್ರೋಲ್ ದುಬಾರಿಯಾದ ಕಾಲದಲ್ಲಿ ಎಷ್ಟೋ ಅಂಬಾಸಡರ್, ಜೀಪು, ದೊಡ್ಡ ಅಮೆರಿಕನ್ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಆರ್.ಸಿ.ಯಲ್ಲಿ ಆ ಬದಲಾವಣೆ ದಾಖಲಾಗದಿದ್ದರೆ ವಾಹನದ ಮಾರ್ಪಾಡಿನ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, ಪ್ರದರ್ಶನದ ಮಾತು ಆಮೇಲಿನದು. ಡೈನಮೋ ತೆಗೆದು ಆಲ್ಟರ್ನೇಟರ್, ಆರು ವೋಲ್ಟಿನಿಂದ ಹನ್ನೆರಡಕ್ಕೆ, ಬ್ರಿಟಿಷ್ ಕಾರಿನ ಪಾಸಿಟಿವ್ ಅರ್ತ್‌ನಿಂದ ನೆಗೆಟಿವ್‌ಗೆ ಬದಲಿಸಿದ್ದೆಲ್ಲ ಪಟ್ಟಿಗೆ ಸೇರಲಿ.

ಈಗ ನಾಲ್ಕೂ ಭಾಗದ ಟಿಪ್ಪಣಿ ಮುಂದಿಟ್ಟುಕೊಂಡು ನಿರ್ಧರಿಸಿ.

ನಾಲ್ಕರಲ್ಲೂ ಬಹುಪಾಲು ಮೂಲ ಉಳಿದಿದ್ದರೆ ಪ್ರಿಸರ್ವೇಶನ್, ಅಂದರೆ ಮೂಲಸ್ಥಿತಿ ವಿಭಾಗ. ಟೈರು, ಬೆಲ್ಟು, ರಬ್ಬರ್ ಕೊಳವೆ, ಬ್ಯಾಟರಿ, ಬ್ರೇಕ್ ಲೈನಿಂಗ್, ಸೈಲೆನ್ಸರ್ ಸವೆಯುವ ಭಾಗಗಳು; ಅವು ಬದಲಾದದ್ದಕ್ಕೆ ಅಂಕ ಹೋಗುವುದಿಲ್ಲ. ಒಂದು ಮಡ್‌ಗಾರ್ಡಿಗೆ ಎಂದೋ ಬಣ್ಣ ಬಿದ್ದಿದ್ದರೂ ಕೆಲವು ಕಡೆ ಒಪ್ಪುತ್ತಾರೆ. ಅಮೆರಿಕದ ಆ್ಯಂಟಿಕ್ ಕ್ಲಬ್ಬಿನ ಮೂಲ ಲಕ್ಷಣಗಳ ಸಂರಕ್ಷಣೆಯ ವಿಭಾಗದಲ್ಲಂತೂ ಬಣ್ಣ, ಒಳಾಂಗಣ, ಎಂಜಿನ್ ಕೋಣೆ, ಚಾಸಿ ಇಂಥ ಭಾಗಗಳಲ್ಲಿ ಒಂದು ಗಣನೀಯವಾಗಿ ಮೂಲವಾಗಿದ್ದರೂ ಪ್ರವೇಶವಿದೆ. ಮೂಲ ಕಾರನ್ನು ಹಿಂದೆ ‘ರಿಸ್ಟೋರ್ ಮಾಡಿಸಲು ದುಡ್ಡಿಲ್ಲದವರ ಕಾರು’ ಎಂದು ಕಾಣುತ್ತಿದ್ದರು. ಆ ಕಾಲ ಹೋಯಿತು. 2024ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಸ್ಪರ್ಧೆಯಲ್ಲಿ 1934ರ ಬುಗಾಟಿ ಟೈಪ್ 59 ಇಡೀ ಪ್ರದರ್ಶನದ ಅತ್ಯುತ್ತಮ ಕಾರಾಯಿತು. 1950ರಿಂದ ನಡೆದು ಬಂದ ಆ ಸ್ಪರ್ಧೆಯಲ್ಲಿ ಮೂಲಸ್ಥಿತಿಯ ಕಾರೊಂದಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಆದ್ದರಿಂದ ಇದೊಂದನ್ನು ಒತ್ತಿ ಹೇಳಬೇಕು: ಪ್ರದರ್ಶನ ಹತ್ತಿರ ಬಂತೆಂದು ಮೂಲ ಕಾರಿನ ಬಂಪರಿಗೆ ಹೊಸ ಕ್ರೋಮಿಯಂ, ಬಾನೆಟ್ಟಿಗೆ ಹೊಸ ಬಣ್ಣ, ಸೀಟಿಗೆ ಹೊಸ ರೆಕ್ಸಿನ್ ಹಾಕಿಸಬೇಡಿ. ಹಾಗೆ ಮಾಡಿದ ಕಾರು ಮೂಲಸ್ಥಿತಿಗೂ ಇಲ್ಲ, ರಿಸ್ಟೋರ್ ವಿಭಾಗಕ್ಕೂ ಸಾಲದು. ಕಳೆದ ಮೂಲ ಬಣ್ಣವನ್ನು ಯಾವ ವರ್ಕ್‌ಶಾಪೂ ಮರಳಿ ಕೊಡಲಾರದು. ಮೆದು ಬಟ್ಟೆಯಲ್ಲಿ ಒರೆಸಿ ತೆಳುವಾಗಿ ಮೇಣ ಹಚ್ಚಿ, ಸಾಕು. ಮೆಷಿನ್ ಪಾಲಿಶ್ ಬೇಡ. ಹಳೆ ಬಣ್ಣದ ಪದರ ಬಾನೆಟ್ ಏಣುಗಳಲ್ಲಿ ಮೊದಲೇ ತೆಳುವಾಗಿರುತ್ತದೆ, ಒಂದು ಸಲ ಉಜ್ಜಿದರೆ ಪ್ರೈಮರ್ ಇಣುಕುತ್ತದೆ.

ಮೂರು-ನಾಲ್ಕು ಭಾಗಗಳೂ ಹೊಸದಾಗಿದ್ದು, ಕಾರ್ಖಾನೆಯ ರೀತಿಯಲ್ಲೇ ಆಗಿದ್ದರೆ ರಿಸ್ಟೋರ್ ವಿಭಾಗ. ಇಲ್ಲಿ ಅಳತೆಗೋಲು ಹೊಳಪಲ್ಲ, ಶೋರೂಮಿನಿಂದ ಹೊರಬಂದ ದಿನ ಕಾರು ಹೇಗಿತ್ತು ಎಂಬುದು. ಆ್ಯಂಟಿಕ್ ಕ್ಲಬ್ಬಿನ ಪದ್ಧತಿಯಲ್ಲಿ ಕಾರು 400 ಅಂಕ ಹೊತ್ತೇ ಮೈದಾನಕ್ಕೆ ಬರುತ್ತದೆ, ತಪ್ಪು ಕಂಡಂತೆಲ್ಲ ಕಳೆಯುತ್ತ ಹೋಗುತ್ತಾರೆ. ಅಂದಿಗಿಂತ ಹೆಚ್ಚು ಹೊಳೆಯುವಂತೆ ಮಾಡಿದ್ದಕ್ಕೆ ಹೆಚ್ಚಿನ ಅಂಕವಿಲ್ಲ. ಸಿಕ್ಕಿಬೀಳುವುದು ಸಣ್ಣ ವಸ್ತುಗಳಲ್ಲಿ. ನಕ್ಷತ್ರದ ತಲೆಯ ಫಿಲಿಪ್ಸ್ ಸ್ಕ್ರೂ ಕಾರು ತಯಾರಿಕೆಗೆ ಬಂದದ್ದು 1936ರ ಹೊತ್ತಿಗೆ, ಕ್ಯಾಡಿಲಾಕ್‌ನಿಂದ; 1928ರ ಕಾರಿನ ಹೊಸ್ತಿಲ ಪಟ್ಟಿಯಲ್ಲಿ ಅದು ಕಂಡರೆ ತಪ್ಪು. ಬಟ್ಟೆ ನೇಯ್ದ ಹೊದಿಕೆಯ ವೈರಿಂಗ್ ಇರಬೇಕಾದ ಕಾರಿನಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ವೈರು, ಒಂದು ಬಣ್ಣದ ಹಳೆ ಕಾಲದ ಡ್ಯೂಕೋ ಪೇಂಟ್ ಇರಬೇಕಾದಲ್ಲಿ ಮೆಟಾಲಿಕ್ ಮತ್ತು ಮೇಲೊಂದು ಕ್ಲಿಯರ್ ಕೋಟ್, ಹಳೆ ಬಗೆಯ ಕ್ರಾಸ್-ಪ್ಲೈ ಟೈರಿನ ಜಾಗದಲ್ಲಿ ಇಂದಿನ ಅಗಲದ ರೇಡಿಯಲ್, ಹಿಡಿಕೆಯಿರುವ ಇಂದಿನ ಪ್ಲಾಸ್ಟಿಕ್ ಬ್ಯಾಟರಿ: ಇವು ಮತ್ತೆ ಮತ್ತೆ ಕಾಣುವ ತಪ್ಪುಗಳು. ಹಳೆ ಅಂಬಾಸಡರಿನ ಟೈರಿನ ಅಳತೆ 5.90-15, ಫಿಯೆಟ್ 1100ರದು 5.20-14; ಸ್ಟೆಪ್ನಿಯೂ ಸೇರಿ ಐದೂ ಒಂದೇ ಅಳತೆ, ಒಂದೇ ಮಾದರಿ ಇರಲಿ. ಅಮೆರಿಕನ್ ಕಾರುಗಳಲ್ಲಿ ಟೈರಿನ ಬಿಳಿ ಪಟ್ಟಿ 1962ರ ಹೊತ್ತಿಗೆ ಕಿರಿದಾಯಿತು. 1965ರ ಕಾರಿಗೆ ಅಂಗೈ ಅಗಲದ ಬಿಳಿ ಪಟ್ಟಿ ಹಾಕಿದರೆ ಅಂದವಿರಬಹುದು, ಸರಿಯಲ್ಲ. ಆ ಕಾಲದ ರೇಡಿಯೊ, ಫಾಗ್ ಲ್ಯಾಂಪ್, ಮುಂಗಾಜಿನ ಮೇಲಿನ ಬಿಸಿಲ ಮರೆ ಇಂಥವನ್ನು ಅಂದಿನ ಕಂಪನಿ ಕ್ಯಾಟಲಾಗಿನ ಪುಟ ತೋರಿಸಿದರೆ ಒಪ್ಪುತ್ತಾರೆ.

ಕಾರು ಚೆನ್ನಾಗಿದೆ, ಆದರೆ ಓಡಿಸಲು ಅನುಕೂಲವಾಗಲೆಂದು ಆಲ್ಟರ್ನೇಟರ್, ಇಂಡಿಕೇಟರ್, ಸೀಟ್ ಬೆಲ್ಟ್, ರೇಡಿಯಲ್ ಟೈರ್ ಹಾಕಿದ್ದೀರಿ ಎಂದಾದರೆ ರಿಸ್ಟೋರ್ ವಿಭಾಗದಲ್ಲಿ ಕೊರಗುವುದಕ್ಕಿಂತ ಓಡಿಸುವವರ ವಿಭಾಗ ಅಥವಾ ರ‍್ಯಾಲಿ ವಿಭಾಗ ಒಳ್ಳೆಯದು. ಬೇರೆ ಎಂಜಿನ್, ಪವರ್ ಸ್ಟೀರಿಂಗ್, ಎ.ಸಿ., ಅಲಾಯ್ ಚಕ್ರ ಇದ್ದರೆ ಅದು ರೆಸ್ಟೊಮಾಡ್, ಮಾರ್ಪಡಿಸಿದ ವಾಹನಗಳ ವಿಭಾಗದ್ದು. ಅಲ್ಲಿ ನೋಡುವುದು ಕೆಲಸದ ನಾಜೂಕು, ಸುರಕ್ಷತೆ, ವಿನ್ಯಾಸದ ಹೊಂದಾಣಿಕೆ.

ಎರಡು ವಿಭಾಗಕ್ಕೂ ಸಲ್ಲುವ ಕಾರಾದರೆ

1966ರ ಸ್ಟ್ಯಾಂಡರ್ಡ್ ಹೆರಾಲ್ಡ್ ಒಂದೇ ಪ್ರದರ್ಶನದಲ್ಲಿ ‘ಭಾರತದಲ್ಲಿ ತಯಾರಾದ ಕಾರುಗಳು’, ‘1961-70’, ‘ಮೂಲಸ್ಥಿತಿ’ ಮೂರಕ್ಕೂ ಅರ್ಹವಾಗಬಹುದು. ಆಗ ಕಾರಿನ ಅತಿ ಅಪರೂಪದ ಗುಣ ಯಾವುದೋ ಅದನ್ನೇ ಅಳೆಯುವ ವಿಭಾಗಕ್ಕೆ ಹೋಗಿ. ಬಣ್ಣ ಮೂಲದ್ದಾದರೆ ಮೂಲಸ್ಥಿತಿ. ಮರುಬಣ್ಣ ಆಗಿದ್ದೂ ಮಾದರಿ ವಿರಳವಾಗಿದ್ದರೆ ಭಾರತೀಯ ವಿಭಾಗ. ಎರಡೂ ಅಲ್ಲದಿದ್ದರೆ ಇಸವಿಯ ವಿಭಾಗ. ಸ್ಪರ್ಧಿಗಳು ಕಡಿಮೆ ಇರುವ ವಿಭಾಗಕ್ಕೆ ಹೋಗುವುದರಲ್ಲಿ ತಪ್ಪಿಲ್ಲ, ಕಾರು ಅಲ್ಲಿಗೆ ಅರ್ಹವಾಗಿರಬೇಕು ಅಷ್ಟೇ. ಆದರೆ ಅರ್ಜಿಗಳು ಎರಡೋ ಮೂರೋ ಬಂದ ವಿಭಾಗವನ್ನು ಸಂಘಟಕರು ಬೇರೊಂದಕ್ಕೆ ಸೇರಿಸಿಬಿಡುವುದುಂಟು. ಹಾಗಾದರೆ ನಿಮ್ಮ ಕಾರು ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಮೊದಲ ಸಲ ಕಾರು ತರುವವರಿಗೆ ಒಂದು ವರ್ಷ ಸ್ಪರ್ಧೆಯಿಲ್ಲದ ಪ್ರದರ್ಶನಕ್ಕೆ ಹಾಕಿ, ಸ್ಪರ್ಧೆಯ ಕಾರುಗಳನ್ನು ತೀರ್ಪುಗಾರರು ಹೇಗೆ ನೋಡುತ್ತಾರೆಂದು ಗಮನಿಸುವುದು ಬಹಳ ಲಾಭ.

ಫೈಲು ಮತ್ತು ಅರ್ಜಿ

ಅರ್ಜಿಯ ಜೊತೆ ಎ4 ಅಳತೆಯ ಒಂದು ಫೈಲು ಸಿದ್ಧವಿರಲಿ. ಅದರಲ್ಲಿ ಆರ್.ಸಿ., ವಿಮೆ, ಕಾರ್ಖಾನೆಯ ಪ್ರಮಾಣಪತ್ರ, ಚಾಸಿ ಮತ್ತು ಎಂಜಿನ್ ನಂಬರುಗಳ ಸ್ಪಷ್ಟ ಫೋಟೊ, ಮುಂದಿನ ಮತ್ತು ಹಿಂದಿನ ಓರೆನೋಟ, ಎರಡೂ ಪಕ್ಕ, ಎಂಜಿನ್‌ನ ಎರಡೂ ಬದಿ, ಡ್ಯಾಶ್‌ಬೋರ್ಡ್, ಸೀಟು, ಡಿಕ್ಕಿಯ ಫೋಟೊಗಳು. ರಿಸ್ಟೋರ್ ಆದ ಕಾರಾದರೆ ಕೆಲಸ ನಡೆಯುವಾಗಿನ ಹತ್ತು-ಹನ್ನೆರಡು ಫೋಟೊ, ತಗಡು ಬೋಳಾಗಿದ್ದಾಗಿನದು ಒಂದಾದರೂ. ಮೂಲ ಕಾರಾದರೆ ಪೇಂಟಿನ ದಪ್ಪದ ಅಳತೆಗಳನ್ನು ಕಾರಿನ ನಕ್ಷೆಯ ಮೇಲೆ ಗುರುತಿಸಿದ ಒಂದು ಹಾಳೆ.

ವಿಭಾಗ ಯಾಕೆ ಅದೇ ಎಂದು ನಾಲ್ಕು ಸಾಲು ಬರೆಯಿರಿ. ‘ಅತ್ಯುತ್ತಮ ಸ್ಥಿತಿ’ ಎಂಬ ಮಾತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗಿರಲಿ: ‘ಬಣ್ಣ ಕಾರ್ಖಾನೆಯದು, ಎಡ ಹಿಂದಿನ ಮಡ್‌ಗಾರ್ಡ್ ಮಾತ್ರ ಮರುಬಣ್ಣ. ಸೀಟು, ಬಾಗಿಲ ಒಳಪಟ್ಟಿ ಮೂಲ. ಎಂಜಿನ್ ಅದೇ ಮಾದರಿಯದು, ಆದರೆ ಬದಲಾಗಿದೆ, ಆರ್.ಸಿ.ಯಲ್ಲಿ ದಾಖಲಾಗಿದೆ. ವೈರಿಂಗ್ ಹೊಸದು.’ ಬದಲಾವಣೆ ತಾವೇ ಹೇಳಿದರೆ ಒಂದು ಅಂಶದಲ್ಲಿ ಅಂಕ ಹೋಗಬಹುದು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಉಳಿದ ಎಲ್ಲ ಮಾತಿನ ಮೇಲೂ ಅನುಮಾನ ಬೀಳುತ್ತದೆ.

ಮೈದಾನದಲ್ಲಿ

ಹಿಂದಿನ ದಿನವೇ ಹೆಡ್‌ಲೈಟ್, ಬ್ರೇಕ್ ಲೈಟ್, ಹಾರ್ನ್, ವೈಪರ್ ಪರೀಕ್ಷಿಸಿ. ಎಂಜಿನ್ ಚಾಲೂ ಮಾಡಿಸಿ ನೋಡುವ ಪ್ರದರ್ಶನಗಳಿವೆ. ಒಂದು ಕಿಲೋ ತೂಕದ ಅಗ್ನಿಶಾಮಕ ಸಿಲಿಂಡರ್ ಕಾರಿನಲ್ಲಿರಲಿ, ಎಣ್ಣೆ ಜಿನುಗುವ ಕಾರಾದರೆ ಅಡಿಯಲ್ಲಿ ತಟ್ಟೆ ಇಡಿ. ಟೂಲ್ ಕಿಟ್, ಜಾಕ್, ಸ್ಟಾರ್ಟಿಂಗ್ ಹ್ಯಾಂಡಲ್ ಮೂಲದ್ದು ಉಳಿದಿದ್ದರೆ ಒರೆಸಿ ಡಿಕ್ಕಿಯಲ್ಲಿ ಜೋಡಿಸಿಡಿ. ಮೂಲಸ್ಥಿತಿ ವಿಭಾಗದಲ್ಲಿ ಇವುಗಳ ತೂಕ ದೊಡ್ಡದು.

ಕಾರು ನಿಲ್ಲಿಸಿದ ಕೂಡಲೇ ಅಕ್ಕಪಕ್ಕದ ಸಾಲು ನೋಡಿ. ನಿಮ್ಮ ಕಾರು ಬೇರೆ ವಿಭಾಗದ ನಡುವೆ ಬಂದಿದ್ದರೆ, ಅಥವಾ ನೀವೇ ತಪ್ಪಾಗಿ ಗುರುತು ಹಾಕಿದ್ದು ಗೊತ್ತಾದರೆ, ತೀರ್ಪುಗಾರರು ಮೊದಲ ಕಾರಿನ ಬಳಿಗೆ ಬರುವ ಮುನ್ನವೇ ವಿಭಾಗದ ಉಸ್ತುವಾರಿಯವರನ್ನು ಕಂಡು ಫೈಲು ತೋರಿಸಿ ಬದಲಾಯಿಸಲು ಕೇಳಿ. ಮೊದಲ ಅಂಕ ಬಿದ್ದ ಮೇಲೆ ವಿಭಾಗ ಬದಲಾಯಿಸುವುದಿಲ್ಲ, ಬದಲಾಯಿಸಿದರೆ ಉಳಿದ ಸ್ಪರ್ಧಿಗಳಿಗೆ ಅನ್ಯಾಯ. ತೀರ್ಪುಗಾರರು ಬಂದಾಗ ಬಾನೆಟ್, ಡಿಕ್ಕಿ, ಬಾಗಿಲು ನೀವೇ ತೆರೆಯಿರಿ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಫೈಲು ಬಾನೆಟ್ ಮೇಲಲ್ಲ, ಕೈಯಲ್ಲಿರಲಿ. ಎಲ್ಲ ಮುಗಿದ ಮೇಲೆ ಅಂಕಪಟ್ಟಿಯ ಪ್ರತಿ ಕೊಡುವ ಪದ್ಧತಿ ಇದೆಯೇ ವಿಚಾರಿಸಿ. ಎಲ್ಲಿ ಎಷ್ಟು ಅಂಕ ಹೋಯಿತೆಂದು ಅದರಲ್ಲಿ ಕಂಡರೆ, ಮುಂದಿನ ವರ್ಷ ಆ ಕಾರಿಗೆ ಬೇಕಾದದ್ದು ಹೊಸ ಗ್ರಿಲ್ಲೋ ಅಥವಾ ಬೇರೆ ವಿಭಾಗವೋ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ.